ಅರ್ಧ ನಕ್ಷತ್ರ

ಕಪಿಲೆಯ ದಂಡೆಯಲ್ಲಿರುವ ಆ ಸಣ್ಣ ಮಠಕ್ಕೆ ಜನ ಮೌನ ಹುಡುಕಿಕೊಂಡು ಬರುತ್ತಾರೆ. ಗುರುಮಲ್ಲೇಶ ತನ್ನದನ್ನು ಮೈಸೂರಿನಿಂದಲೇ ತಂದಿದ್ದ. ಎರಡು ಗಂಟೆ ಚಾರ್ಜಿಗೆ ಹಾಕಿದರೆ ಅದು ನಲವತ್ತು ಗಂಟೆ ಬರುತ್ತಿತ್ತು.

ಅದೊಂದು ಕಪ್ಪು ಹೆಡ್‌ಫೋನ್. ವೈರ್ ಇಲ್ಲದ್ದು. ಹೊರಗಿನ ಸದ್ದನ್ನು ಅಳಿಸಿಹಾಕುವ ಜಾತಿಯದು.

ಸ್ವಾಮಿಗಳು ಅದನ್ನು ನೋಡಿದರು. ಏನೂ ಅನ್ನಲಿಲ್ಲ. ಶಿಷ್ಯರು ರುದ್ರಾಕ್ಷಿ ತಂದಾಗಲೂ ಅವರು ಏನೂ ಅನ್ನುತ್ತಿರಲಿಲ್ಲ.

"ಏನು ಕೆಲಸ ನಿಂದು?"

"ಇದೇ, ಬುದ್ಧಿ. ಹೆಡ್‌ಫೋನ್ ಹಾಕಿಕೊಂಡು ನೋಡಿ, ಹೇಗಿದೆ ಅಂತ ಬರೆಯೋದು. ಒಂದು ವೆಬ್‌ಸೈಟಿಗೆ. ಎರಡು ಸಾವಿರ ರೂಪಾಯಿ ಒಳಗಿನವು ಮಾತ್ರ."

"ಅದಕ್ಕಿಂತ ಮೇಲಿನವು?"

"ಅವಕ್ಕೆ ಬೇರೆಯವರು ಇದಾರೆ."

"ಅಲ್ಲೂ ಹಾಗೇನಾ," ಅಂದರು ಸ್ವಾಮಿಗಳು.

ಗುರುಮಲ್ಲೇಶ ಮೂರು ದಿನ ಹೊಳೆಯ ಮೆಟ್ಟಿಲ ಮೇಲೆ ಕಣ್ಣು ಮುಚ್ಚಿ, ಕಿವಿಯನ್ನೂ ಮುಚ್ಚಿ ಕೂತ. ನೋಡಿದವರಿಗೆ ಅವನ ಧ್ಯಾನ ಬಹಳ ಮುಂದೆ ಹೋಗಿದೆ ಅನ್ನಿಸುತ್ತಿತ್ತು. ನಾಲ್ಕನೆಯ ಬೆಳಿಗ್ಗೆ ಸ್ವಾಮಿಗಳು ಬಂದು ಅವನಿಗಿಂತ ಒಂದು ಮೆಟ್ಟಿಲು ಕೆಳಗೆ ಕೂತರು. ಅವನು ಗಾಬರಿಯಿಂದ ಎರಡು ಮೆಟ್ಟಿಲು ಕೆಳಗಿಳಿದ.

"ಅದರೊಳಗೆ ಹಾಡು ಬರುತ್ತಾ?"

"ಹಾಡು ಹಾಕಿಲ್ಲ ಬುದ್ಧಿ. ಖಾಲಿ."

"ಮತ್ತೆ ಏನು ಮಾಡುತ್ತೆ?"

"ಹೊರಗಿನ ಸದ್ದನ್ನ ಇದೇ ಮೊದಲು ಕೇಳಿಸಿಕೊಳ್ಳುತ್ತೆ. ಅದಕ್ಕೆ ಸರಿಯಾಗಿ ಉಲ್ಟಾ ಸದ್ದು ಒಂದನ್ನ ತಯಾರು ಮಾಡುತ್ತೆ. ಎರಡೂ ಸೇರಿದರೆ ಸೊನ್ನೆ."

"ಹೊರಗಿನ ಸದ್ದು ಹೋಗೇಬಿಡುತ್ತಾ?"

"ಇಲ್ಲ ಬುದ್ಧಿ. ಹೊರಗೆ ಇದ್ದೇ ಇರುತ್ತೆ. ಹಾಕಿಕೊಂಡವನಿಗೆ ಕೇಳಿಸಲ್ಲ, ಅಷ್ಟೆ."

ಸ್ವಾಮಿಗಳು ತಲೆಯಾಡಿಸಿದರು. "ಇಲ್ಲಿಗೆ ಯಾಕೆ ಬಂದೆ?"

ಗುರುಮಲ್ಲೇಶ ಹೆಡ್‌ಫೋನನ್ನು ಮಡಚಿ ತೊಡೆಯ ಮೇಲೆ ಇಟ್ಟುಕೊಂಡ.

"ಫೆಬ್ರವರಿಯಲ್ಲಿ ಅಪ್ಪ ಬಚ್ಚಲಲ್ಲಿ ಜಾರಿ ಬಿದ್ದರು. ಮನೆಯಲ್ಲಿ ನಾವಿಬ್ಬರೇ. ನಾನು ಪಕ್ಕದ ಕೋಣೆಯಲ್ಲಿದ್ದೆ. ಇದನ್ನೇ ಹಾಕಿಕೊಂಡು ಪರೀಕ್ಷೆ ಮಾಡ್ತಾ ಇದ್ದೆ. ಕೆಲಸ ಮುಗಿಸಿ, ಬರೆದದ್ದನ್ನ ಕಳಿಸಿ, ಊಟಕ್ಕೆ ಕರೆಯೋಣ ಅಂತ ಎದ್ದು ಹೋದೆ."

"ಹೋದಾಗ?"

"ಆಗಲೇ ಹೋಗಿಬಿಟ್ಟಿದ್ದರು. ಬಿದ್ದ ತಕ್ಷಣ ಹೋಗಿರಬಹುದು, ಅರ್ಧ ಗಂಟೆ ಜೀವ ಇದ್ದಿರಲೂಬಹುದು ಅಂದರು ಡಾಕ್ಟರು."

ಹೊಳೆಯ ಆಚೆ ದಡದಲ್ಲಿ ಯಾರೋ ಬಟ್ಟೆ ಒಗೆಯುತ್ತಿದ್ದರು. ಕಲ್ಲಿಗೆ ಬಡಿದ ಮೇಲೆ ಸ್ವಲ್ಪ ಹೊತ್ತಿಗೆ ಸದ್ದು ಬರುತ್ತಿತ್ತು.

"ನನಗೆ ಒಂದೇ ಒಂದು ಗೊತ್ತಾಗಬೇಕು ಬುದ್ಧಿ. ಅಪ್ಪ ನನ್ನನ್ನ ಕರೆದರಾ, ಇಲ್ಲವಾ?"

"ಬೇರೆಯವರು ಏನಂತಾರೆ?"

"ಕರೆದಿರಲ್ಲ ಬಿಡು ಅಂತಾರೆ. ಅಕ್ಕ ಹೇಳಿದಳು. ಚಿಕ್ಕಪ್ಪ ಹೇಳಿದರು. ಡಾಕ್ಟರೂ ಕೊನೆಗೆ ಹಾಗೇ ಅಂದರು. ಎದುರುಮನೆಯವರಂತೂ ನಾನು ಕೇಳೋ ಮುಂಚೆಯೇ ಹೇಳಿದರು."

"ಅವರೆಲ್ಲ ಆ ಹೊತ್ತಿನಲ್ಲಿ ಮನೆಯಲ್ಲಿದ್ದರಾ?"

"ಇರಲಿಲ್ಲ."

"ನಾನೂ ಇರಲಿಲ್ಲ," ಅಂದರು ಸ್ವಾಮಿಗಳು. ಎದ್ದು ನಿಂತು ಪಂಚೆ ಕೊಡವಿಕೊಂಡರು. "ಆ ಹೆಡ್‌ಫೋನನ್ನ ಪರೀಕ್ಷೆ ಮಾಡು."

"ಮಾಡಿ ಆಗಿದೆ ಬುದ್ಧಿ."

"ಇಲ್ಲಿ ಮಾಡಿಲ್ಲವಲ್ಲ."

ದುಃಖದಲ್ಲಿರುವವನಿಗೆ ಬುದ್ಧಿವಾದ ಹೇಳಿದರೆ ಇನ್ನಷ್ಟು ಕುಗ್ಗುತ್ತಾನೆ. ಅವನಿಗೆ ಗೊತ್ತಿರುವ ಕೆಲಸ ಕೊಟ್ಟರೆ ನೋಟ್‌ಬುಕ್ ಎಲ್ಲಿ ಸಿಗುತ್ತದೆ ಅಂತ ಕೇಳುತ್ತಾನೆ. ಗುರುಮಲ್ಲೇಶ ಕೇಳಿದ.

ಮೊದಲು ತೋಟದ ಪಂಪ್‌ಸೆಟ್ಟಿನ ಪಕ್ಕ ಕೂತ. ಹಾಕಿಕೊಂಡ, ತೆಗೆದ, ಮತ್ತೆ ಹಾಕಿಕೊಂಡ. ಬರೆದುಕೊಂಡ.

ಆಮೇಲೆ ಅಡುಗೆಮನೆಗೆ ಹೋದ. ಅಲ್ಲಿ ಗ್ರೈಂಡರ್ ಗುಡುಗುತ್ತಿತ್ತು. ಮಠದಲ್ಲಿ ಮೂವತ್ತು ವರ್ಷದಿಂದ ಅಡುಗೆ ಮಾಡುತ್ತಿರುವ ದೇವೀರಮ್ಮ ಹಿಟ್ಟು ತಳ್ಳುತ್ತಿದ್ದರು. ಅವನು ಗ್ರೈಂಡರಿನ ಎದುರು ಚಕ್ಕಂಬಕ್ಕಳ ಹಾಕಿ ಕೂತು ಕಣ್ಣು ಮುಚ್ಚಿದ.

"ಏನಪ್ಪಾ ಇದು, ಗ್ರೈಂಡರಿಗೆ ಪೂಜೆಯಾ?" ಅಂದರು ದೇವೀರಮ್ಮ.

ಅವನು ಕೈ ಎತ್ತಿ, ಸ್ವಲ್ಪ ತಾಳಿ ಅನ್ನುವಂತೆ ಸನ್ನೆ ಮಾಡಿದ.

"ತಾಳಬೇಕಂತೆ ನಾನು! ಮಠಕ್ಕೆ ಬಂದು ನಾಕು ದಿನ ಆಯ್ತು, ಒಂದು ಕಾಯಿ ತುರಿದಿಲ್ಲ, ಒಂದು ಲೋಟ ತೊಳೆದಿಲ್ಲ. ಕಿವಿಗೆ ಎರಡು ಇಡ್ಲಿ ಕಟ್ಕೊಂಡು ಕೂತವ್ನೆ. ಹಿಟ್ಟು ಉಬ್ಬದೇ ಹೋದರೆ ನಿನ್ನನ್ನೇ ಬೇಯಿಸ್ತೀನಿ ನೋಡು."

ಅವನು ಬರೆದುಕೊಂಡ.

ಸಂಜೆ ಹೊಳೆಯ ಎದುರು ಕೂತ. ಆಮೇಲೆ ವರದಿ ಒಪ್ಪಿಸಲು ಸ್ವಾಮಿಗಳ ಹತ್ತಿರ ಹೋದ. ಎಷ್ಟೋ ದಿನದ ಮೇಲೆ ಅವನ ಮುಖದಲ್ಲಿ ಒಂದಿಷ್ಟು ಕಳೆಯಿತ್ತು.

"ಪಂಪ್‌ಸೆಟ್ಟು ಪೂರ್ತಿ ಮಾಯ ಬುದ್ಧಿ. ಗ್ರೈಂಡರ್ ನೂರಕ್ಕೆ ತೊಂಬತ್ತು ಹೋಯಿತು. ಹೊಳೆ ಅರ್ಧಕ್ಕಿಂತ ಜಾಸ್ತಿ ಹೋಯಿತು. ಈ ಬೆಲೆಗೆ ತುಂಬಾ ಚೆನ್ನಾಗಿದೆ."

"ದೇವೀರಮ್ಮ?"

"ಅವರು ಹೋಗಲಿಲ್ಲ."

"ಬೈದದ್ದು ಕೇಳಿಸಿತಾ?"

"ಎಲ್ಲಾ ಕೇಳಿಸಿತು. ಸಣ್ಣಗೆ, ಆದರೆ ಬಿಡಿಬಿಡಿಯಾಗಿ. ಗ್ರೈಂಡರ್ ಸದ್ದು ಅಡ್ಡ ಇಲ್ಲವಲ್ಲ."

"ಅದ್ಯಾಕೆ ಹಾಗೆ?"

"ಒಂದೇ ಸಮ ಬರೋ ಸದ್ದು ಇದಕ್ಕೆ ಸುಲಭ ಬುದ್ಧಿ. ಮುಂದಿನದ್ದು ಹೇಗಿರುತ್ತೆ ಅಂತ ಮೊದಲೇ ಗೊತ್ತಾಗುತ್ತೆ. ಮನುಷ್ಯರ ಮಾತು ಹಾಗಲ್ಲ. ಯಾವಾಗ ಶುರುವಾಗುತ್ತೋ, ಯಾವಾಗ ನಿಲ್ಲುತ್ತೋ. ದುಬಾರಿಯವು ಸ್ವಲ್ಪ ತಡೀತವೆ. ಎರಡು ಸಾವಿರದ ಒಳಗಿನವು ಯಾವುದೂ..."

ಅಲ್ಲಿಗೆ ನಿಲ್ಲಿಸಿದ.

ಸ್ವಾಮಿಗಳು ಮುಂದೆ ಕೇಳಲಿಲ್ಲ. "ಸರಿ, ನಾಳೆ ನಾನೂ ಒಂದು ಸಲ ಹಾಕಿಕೊಂಡು ನೋಡ್ತೀನಿ," ಅಂದರು.

ಮರುದಿನ ಬೆಳಿಗ್ಗೆ ಹಾಕಿಕೊಂಡರು. ಕಾವಿಯ ಮೇಲೆ ಕಪ್ಪು ಹೆಡ್‌ಫೋನ್ ಅಷ್ಟೇನೂ ಕೆಟ್ಟದಾಗಿ ಕಾಣುತ್ತಿರಲಿಲ್ಲ. ಹೊಳೆಯ ಕಡೆ ಮುಖ ಮಾಡಿ ಕೂತರು.

"ಅಡುಗೆಮನೆ ಬಾಗಿಲಲ್ಲಿ ನಿಂತು ನನ್ನನ್ನ ಕರಿ. ಕೂಗಬೇಡ. ಕರಿ."

ಗುರುಮಲ್ಲೇಶ ಹೋಗಿ ನಿಂತ. "ಬುದ್ಧೀ," ಅಂದ.

ಸ್ವಾಮಿಗಳು ಬಲಗೈ ಎತ್ತಿದರು.

ಇನ್ನಷ್ಟು ಮೆಲ್ಲಗೆ ಕರೆದ. ಕೈ ಮೇಲೆ ಹೋಯಿತು. ಮೂರನೆಯ ಸಲ ಅದಕ್ಕಿಂತಲೂ ಮೆಲ್ಲಗೆ ಕರೆದ. ಕೈ ಮತ್ತೆ ಮೇಲೆ ಹೋಯಿತು.

ಅವನು ವಾಪಸು ಬರಲು ಬಹಳ ಹೊತ್ತು ತೆಗೆದುಕೊಂಡ. ಅಡುಗೆಮನೆಯಿಂದ ಹೊಳೆಯ ಮೆಟ್ಟಿಲಿಗೆ ಹತ್ತೇ ಹೆಜ್ಜೆ.

ಸ್ವಾಮಿಗಳು ಹೆಡ್‌ಫೋನ್ ತೆಗೆದು ಅವನ ಕೈಗೆ ಕೊಟ್ಟರು. "ಮೂರನೆಯ ಸಲ ನಿನ್ನ ದನಿ ನಡುಗಿತು."

ಅವನು ಅದನ್ನು ಮಡಚಿ ಪಕ್ಕಕ್ಕೆ ಇಟ್ಟ.

"ಆವತ್ತು ನೀನು ಬರೆದು ಕಳಿಸಿದೆಯಲ್ಲ, ಅದು ಈಗಲೂ ಇದೆಯಾ?"

"ಇದೆ ಬುದ್ಧಿ."

"ಓದು."

ಅವನು ಫೋನು ತೆಗೆದ. ಮಠದಲ್ಲಿ ಸಿಗ್ನಲ್ ಸಿಗುವುದು ಆ ಮೆಟ್ಟಿಲ ಮೇಲೆ ಮಾತ್ರ. ಅವನ ಬರಹ ಆ ವೆಬ್‌ಸೈಟಿನಲ್ಲಿ ಆಗಲೂ ಎಲ್ಲಕ್ಕಿಂತ ಮೇಲೆ ಇತ್ತು. ಮುನ್ನೂರ ಹದಿನಾಲ್ಕು ಮಂದಿ ಅದನ್ನು ಉಪಯುಕ್ತ ಅಂತ ಒತ್ತಿದ್ದರು.

ಓದಿದ. ತಲೆಗೆ ಬಿಗಿಯಾಗುವುದಿಲ್ಲ, ಕನ್ನಡಕ ಹಾಕುವವರಿಗೂ ತೊಂದರೆಯಿಲ್ಲ. ಬ್ಯಾಟರಿ ಹೇಳಿದಷ್ಟೇ ಬರುತ್ತದೆ. ಗುಂಡಿಗಳು ಸ್ವಲ್ಪ ಸಡಿಲ. ಹಾಡು ಚೆನ್ನಾಗಿ ಕೇಳಿಸುತ್ತದೆ, ತಬಲಾ ಮಾತ್ರ ಸ್ವಲ್ಪ ಮುಂದೆ ನುಗ್ಗುತ್ತದೆ. ಒಟ್ಟು ಐದಕ್ಕೆ ನಾಲ್ಕೂವರೆ ನಕ್ಷತ್ರ.

"ಅರ್ಧ ಎಲ್ಲಿ ಹೋಯಿತು?" ಅಂದರು ಸ್ವಾಮಿಗಳು.

"ಕಳೆದಿದೀನಿ."

"ಗುಂಡಿ ಸಡಿಲ ಅಂತಲಾ?"

"ಅಲ್ಲ."

"ಮತ್ತೆ? ಬರೆದಿರ್ತೀಯಲ್ಲ. ಓದು."

ಫೋನಿನ ಬೆಳಕು ತಾನಾಗಿ ಆರಿತು. ಅವನು ಅದನ್ನು ಮತ್ತೆ ಹೊತ್ತಿಸಲಿಲ್ಲ. ನೋಡದೆಯೇ ಹೇಳಿದ.

"ಫ್ಯಾನು, ಮಿಕ್ಸಿ, ಬೀದಿಯ ಗಾಡಿಗಳ ಸದ್ದು ಪೂರ್ತಿ ಮಾಯವಾಗುತ್ತದೆ. ಆದರೆ ಪಕ್ಕದ ಕೋಣೆಯಿಂದ ಯಾರಾದರೂ ಕರೆದರೆ ಸಣ್ಣಗೆ ಒಳಗೆ ಬರುತ್ತದೆ. ಈ ಬೆಲೆಗೆ ಇದನ್ನು ಕ್ಷಮಿಸಬಹುದು."

ಆಚೆ ದಡದಲ್ಲಿ ಆವತ್ತು ಬಟ್ಟೆ ಒಗೆಯುವವರು ಯಾರೂ ಇರಲಿಲ್ಲ.

"ಎಷ್ಟು ಸಲ ಕರೆದರು?"

"ಎರಡು ಸಲ."

"ಏನಂತ?"

"ಮಲ್ಲೂ ಅಂತ."

"ನೀನು ಏನು ಮಾಡಿದೆ?"

"ಅರ್ಧ ನಕ್ಷತ್ರ ಕಳೆದೆ."

ಅವನೇ ಮಾತು ಮುಂದುವರಿಸಿದ. ಈಗ ಮಾತು ನಿಲ್ಲುವ ಹಾಗಿರಲಿಲ್ಲ.

"ಅವರು ದಿನಕ್ಕೆ ಇಪ್ಪತ್ತು ಸಲ ಕರೀತಿದ್ದರು ಬುದ್ಧಿ. ರಿಮೋಟ್ ಎಲ್ಲಿ ಮಲ್ಲೂ, ಹಾಲು ಬಂತಾ ಮಲ್ಲೂ, ಗಂಟೆ ಎಷ್ಟು ಮಲ್ಲೂ. ಗಡಿಯಾರ ಅವರ ಎದುರಿಗೇ ಇರೋದು. ಹತ್ತು ಸಲಕ್ಕೆ ಒಂದು ಸಲ ಎದ್ದು ಹೋಗ್ತಿದ್ದೆ. ಆಮೇಲೆ ಹೋದರಾಯಿತು ಅಂದುಕೊಂಡೆ. ಮೂರನೆಯ ಸಲ ಕರೀಲಿಲ್ಲ. ಕರೀಲಿಲ್ಲವಲ್ಲ, ಅಂಥದ್ದೇನೂ ಇರಲ್ಲ ಅಂದುಕೊಂಡೆ. ಆ ಸಾಲು ಬರೆದು ಮುಗಿಸಿದೆ."

"ಹಾಗಾದರೆ ನೀನು ಗೊತ್ತುಮಾಡಿಕೊಳ್ಳೋಕೆ ಬಂದದ್ದಲ್ಲ."

"ಅಲ್ಲ."

"ಮತ್ತೆ ಯಾಕೆ ಬಂದೆ?"

"ನೀವೂ ಕರೆದಿರಲ್ಲ ಬಿಡು ಅಂತ ಹೇಳ್ತೀರಿ ಅಂತ ಬಂದೆ." ಅವನು ಮುಖ ಒರೆಸಿಕೊಂಡ. "ನೀವು ಹೇಳಿದರೆ ನಂಬಬಹುದು ಅಂದುಕೊಂಡಿದ್ದೆ."

ದೇವೀರಮ್ಮ ಹಿಂದಿನಿಂದ ಎರಡು ಲೋಟ ಕಾಫಿ ತಂದವರು, ಅವನ ಬೆನ್ನು ನೋಡಿ, ಏನೂ ಅನ್ನದೆ ಮೇಲಿನ ಮೆಟ್ಟಿಲ ಮೇಲೆ ಲೋಟಗಳನ್ನು ಇಟ್ಟು ಹೋದರು. ಅವರು ಏನೂ ಅನ್ನದೆ ಹೋದದ್ದನ್ನು ಮಠದಲ್ಲಿ ಅದುವರೆಗೆ ಯಾರೂ ಕಂಡಿರಲಿಲ್ಲ.

"ಚಿಕ್ಕವನಿದ್ದಾಗ ಅಪ್ಪ ಕರೆದರೆ ಏನನ್ನುತ್ತಿದ್ದೆ?"

"ಓ ಅನ್ನುತ್ತಿದ್ದೆ. 'ಏನು' ಅಂತ ಕೇಳಿದರೆ ತಲೆಗೆ ಮೊಟಕೋರು. ಕರೆದವರಿಗೆ ಏನು ಅನ್ನಬಾರದು, ಓ ಅನ್ನಬೇಕು ಅನ್ನೋರು."

"ಅನ್ನು."

ಗುರುಮಲ್ಲೇಶ ಸ್ವಾಮಿಗಳ ಮುಖ ನೋಡಿದ. ಅವರು ತಮಾಷೆ ಮಾಡುತ್ತಿರಲಿಲ್ಲ.

"ಈಗಲಾ ಬುದ್ಧಿ?"

"ಆಮೇಲೆ ಅಂದರಾಯಿತು ಅಂತ ನಿನಗೆ ಈಗಲೂ ಅನ್ನಿಸುತ್ತಾ?"

ಅವನು ಹೊಳೆಯ ಕಡೆ ತಿರುಗಿದ. ಬಾಯಿ ತೆರೆದ. ಮೊದಲ ಸಲ ಗಾಳಿ ಮಾತ್ರ ಬಂತು. ಎರಡನೆಯ ಸಲ ಸದ್ದು ಬಂತು, ಆದರೆ ಅದು ಓ ಆಗಿರಲಿಲ್ಲ. ಸ್ವಾಮಿಗಳು ಕಾದರು.

"ಓ," ಅಂದ ಅವನು. ಮೂವತ್ತೇಳು ವರ್ಷದ ಗಂಡಸಿನ ದನಿಯಂತೆ ಇರಲಿಲ್ಲ ಅದು.

ನೀರು ಹರಿಯುತ್ತಿತ್ತು. ತೋಟದಲ್ಲಿ ಪಂಪ್‌ಸೆಟ್ಟು ಶುರುವಾಗಿ, ಒಂದೇ ಸಮ ಓಡತೊಡಗಿತು. ಅವನು ಕತ್ತು ಮುಂದೆ ಚಾಚಿ, ಉಸಿರು ಹಿಡಿದು ಕೇಳಿಸಿಕೊಂಡ. ಕಾಫಿ ಆರಿಹೋಯಿತು.

"ಏನೂ ಬರಲಿಲ್ಲ ಬುದ್ಧಿ," ಅಂದ ಕೊನೆಗೆ.

"ಆವತ್ತು ಅಪ್ಪನಿಗೂ ಬಂದಿರಲಿಲ್ಲ," ಅಂದರು ಸ್ವಾಮಿಗಳು. "ಕೂತುಕೋ, ಕಾಯೋಣ."