ಖಾಲಿ ಜಾಗಕ್ಕೆ ಬಾಲ ಬೀಸಿದ ಕುದುರೆ

"ಬುದ್ಧಿ, ಸತ್ತವರು ಬಳಿಗೆ ಬಾರದಂತೆ ಮಾಡುವ ಮಂತ್ರ ಇದೆಯೇ?"

ಚನ್ನಮಲ್ಲ ಕೇಳಿದ. ಅವನು ಮಠದಲ್ಲಿ ಗುರುಗಳ ಸೇವೆಗೆ ನಿಂತ ಶಿಷ್ಯ. ಬೆಳಗಿನ ಪೂಜೆ ಮುಗಿದಿತ್ತು. ಗುರುಗಳು ಜಗಲಿಯ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದರು. ಕೈ ನಿಲ್ಲಿಸದೆ, "ಯಾರು ಬರುತ್ತಿದ್ದಾರೆ?" ಎಂದರು.

"ನನ್ನ ಅಣ್ಣ, ಬುದ್ಧಿ. ಹೋದ ವರ್ಷ ತೀರಿಕೊಂಡ. ಹಾಸಿಗೆ ಹಿಡಿದಾಗ ಒಮ್ಮೆ ಬಂದು ಹೋಗು ಎಂದು ಹೇಳಿಕಳಿಸಿದ್ದ. ನಾನು ವ್ರತ ಹಿಡಿದಿದ್ದೆ. ಹೋಗಲಿಲ್ಲ. ಈಗ ಧ್ಯಾನಕ್ಕೆ ಕಣ್ಣು ಮುಚ್ಚಿದರೆ ಸಾಕು, ಬಂದು ಪಕ್ಕದಲ್ಲಿ ಕೂರುತ್ತಾನೆ. ಮಾತಿಲ್ಲ, ಕತೆಯಿಲ್ಲ. ಉಸಿರಾಡುವುದು ಮಾತ್ರ ಕೇಳಿಸುತ್ತದೆ. ನನಗೆ ಜೀವ ಬಾಯಿಗೆ ಬರುತ್ತದೆ. ಆ ಕಡೆ ತಿರುಗಿ ನೋಡಲೂ ಧೈರ್ಯ ಸಾಲದು. ಹೇಗಾದರೂ ಮಾಡಿ ಅವನನ್ನು ಕಳಿಸಿಬಿಡಿ."

"ಮಂತ್ರ ಇದೆ," ಎಂದರು ಗುರುಗಳು. "ಕೊಡುವುದಕ್ಕೂ ಅಡ್ಡಿಯಿಲ್ಲ. ಅದಕ್ಕೆ ಮೊದಲು, ಕುದುರೆಗೆ ನೊಣ ಕೂರದ ಹಾಗೆ ಏನು ಮಾಡಬೇಕು, ನಿನಗೆ ಗೊತ್ತೇ?"

ಚನ್ನಮಲ್ಲ ತಬ್ಬಿಬ್ಬಾದ. ತಾನು ಕೇಳಿದ್ದೇನು, ಇವರು ಹೇಳುತ್ತಿರುವುದೇನು!

"ಮುಖ ಹುಳ್ಳಗೆ ಮಾಡಬೇಡ. ಕೂತುಕೋ. ನಡುವೆ ಬಾಯಿ ಹಾಕಬೇಡ," ಎಂದು ಗುರುಗಳು ಹೇಳತೊಡಗಿದರು.

ಒಂದು ಊರಿನಲ್ಲಿ ಒಬ್ಬ ಬೆಲ್ಲದ ವ್ಯಾಪಾರಿ ಇದ್ದ. ಆಲೆಮನೆಗಳಲ್ಲಿ ಬೆಲ್ಲ ಕೊಂಡು, ಕುದುರೆಗಳ ಮೇಲೆ ಹೇರಿಕೊಂಡು, ಗುಡ್ಡದಾಚೆಯ ಸಂತೆಯಲ್ಲಿ ಮಾರುತ್ತಿದ್ದ. ಅವನಿಗೆ ಎರಡು ಕುದುರೆಗಳಿದ್ದವು. ಒಂದು ಬೂದು, ಒಂದು ಕಂದು. ಬೂದು ಕುದುರೆಗೆ ವಯಸ್ಸಾಗಿತ್ತು.

ಬೆಲ್ಲ ಎಂದ ಮೇಲೆ ನೊಣ ಬಾರದೆ ಇರುತ್ತದೆಯೇ? ಬೆಲ್ಲ ಹೊತ್ತ ಕುದುರೆಯ ಮೈಯೆಲ್ಲ ಬೆಲ್ಲದ ಅಂಟು. ಉಳಿದ ವ್ಯಾಪಾರಿಗಳ ಕುದುರೆಗಳು ನೊಣದ ಕಾಟ ತಾಳಲಾರದೆ ಒದ್ದಾಡಿ ಹೇರು ಕೆಡವುತ್ತಿದ್ದವು. ಕಣ್ಣಲ್ಲಿ ಕೀವು ತುಂಬಿ ಕುರುಡಾದವೂ ಇದ್ದವು. ಇವನ ಕುದುರೆಗಳು ಮಾತ್ರ ಲಕಲಕ ಹೊಳೆಯುತ್ತಿದ್ದವು. ಅದೆಲ್ಲ ತನ್ನ ಕೈಗುಣ ಎಂದು ವ್ಯಾಪಾರಿ ನಂಬಿದ್ದ. ಹೊಂಗೆ ಎಣ್ಣೆಯಲ್ಲಿ ಲಕ್ಕಿ ಸೊಪ್ಪು ಕುದಿಸಿ ಅವುಗಳ ಮೈಗೆ ತಿಕ್ಕುತ್ತಿದ್ದ. ಸಂಜೆ ಲಾಯಕ್ಕೆ ಬೇವಿನ ಸೊಪ್ಪಿನ ಹೊಗೆ ಹಾಕುತ್ತಿದ್ದ. ಲದ್ದಿ ಬಿದ್ದ ಕೂಡಲೇ ಬಳಿದು ದೂರ ಎಸೆಯುತ್ತಿದ್ದ. ಹುಳು ಆಯಲೆಂದು ಕೋಳಿ ಬಿಟ್ಟಿದ್ದ. ಸಂತೆಯಲ್ಲಿ ಯಾರು ಕೇಳಿದರೂ, ಕೇಳದಿದ್ದರೂ, ಇದನ್ನೆಲ್ಲ ಎದೆಯುಬ್ಬಿಸಿ ಹೇಳುತ್ತಿದ್ದ.

ಒಳ್ಳೆಯ ಕೆಲಸವೇ, ಇಲ್ಲ ಅನ್ನುವುದಿಲ್ಲ. ಆದರೆ ಕಣ್ಣಿಗೆ ಎಣ್ಣೆ ಹಚ್ಚಲು ಬರುತ್ತದೆಯೇ? ಕಣ್ಣಿನ ಮುಂದೆ ಹೊಗೆ ಹಿಡಿಯಲು ಬರುತ್ತದೆಯೇ? ಕುದುರೆಯ ಬಾಲ ಅದರ ಮುಖಕ್ಕೆ ಎಟುಕುವುದೂ ಇಲ್ಲ. ಹಾಗಿದ್ದರೂ ತನ್ನ ಕುದುರೆಗಳ ಕಣ್ಣು ಯಾಕೆ ಇಷ್ಟು ಶುಭ್ರವಾಗಿವೆ ಎಂದು ಆ ಮಹಾಶಯ ಯೋಚನೆ ಮಾಡಲಿಲ್ಲ.

ಲಾಯದಲ್ಲಿ ಎರಡನ್ನೂ ಗೋಡೆಗೆ ಮುಖ ಮಾಡಿಸಿ, ಹಗ್ಗ ಉದ್ದ ಬಿಟ್ಟು ಕಟ್ಟುತ್ತಿದ್ದ. ಅವನು ಅತ್ತ ಹೋದದ್ದೇ ತಡ, ಬೂದು ಕುದುರೆ ತಿರುಗಿ ಬಾಗಿಲ ಕಡೆ ಮುಖ ಮಾಡಿ ನಿಲ್ಲುತ್ತಿತ್ತು. ಒಂದರ ತಲೆಯ ಬಳಿ ಇನ್ನೊಂದರ ಬಾಲ. ಹೊತ್ತು ಮುಳುಗುವವರೆಗೆ ಹಾಗೆಯೇ ಬಾಲ ಬೀಸಿಕೊಂಡು ನಿಂತಿರುತ್ತಿದ್ದವು. ವ್ಯಾಪಾರಿ ಬಂದು, "ಎಷ್ಟು ಹೇಳಿದರೂ ಅಷ್ಟೇ ಈ ಮೊಂಡು ಪ್ರಾಣಿ" ಎಂದು ಬೈದು ಬೂದು ಕುದುರೆಯನ್ನು ನೆಟ್ಟಗೆ ನಿಲ್ಲಿಸುತ್ತಿದ್ದ. ಅವನು ಹೋದ ಮೇಲೆ ಅದು ಮತ್ತೆ ತಿರುಗುತ್ತಿತ್ತು.

ಒಂದು ದಿನ ಗುಡ್ಡ ಹತ್ತುವಾಗ ಬೂದು ಕುದುರೆ ಕುಸಿದು ಬಿತ್ತು. ವ್ಯಾಪಾರಿ ಬೈದ, ಬೇಡಿಕೊಂಡ, ನೀರು ಕುಡಿಸಿದ. ಅದು ಏಳಲಿಲ್ಲ. ಸಂತೆಗೆ ಹೊತ್ತಾಗುತ್ತಿತ್ತು. ಅದರ ಬೆಲ್ಲವನ್ನೂ ಕಂದು ಕುದುರೆಯ ಮೇಲೆ ಹೇರಿ ಹೊರಟ. ಕಂದು ಕುದುರೆ ಹೊರಡಲಿಲ್ಲ. ಬಿದ್ದ ಕುದುರೆಯ ಮುಖದ ಬಳಿ ಹೋಯಿತು. ಬೆನ್ನು ತಿರುಗಿಸಿ ನಿಂತು ಬಾಲ ಬೀಸತೊಡಗಿತು. ವ್ಯಾಪಾರಿ ಅದಕ್ಕೆ ಬಾರುಕೋಲಿನಿಂದ ಬಾರಿಸಿ ಎಳೆದುಕೊಂಡು ಹೋದ.

ತಿರುವಿನಲ್ಲಿ ಒಮ್ಮೆ ಹಿಂದೆ ನೋಡಿದ. ಬೂದು ಕುದುರೆ ತಲೆ ಎತ್ತಿ ಅವರು ಹೋಗುವುದನ್ನೇ ನೋಡುತ್ತಿತ್ತು. ಅದರ ಎರಡು ಕಣ್ಣಿಗೂ ಆಗಲೇ ನೊಣ ಮುತ್ತಿದ್ದವು.

"ಸಂಜೆ ಬರುತ್ತೇನೆ," ಎಂದು ಅವನು ಗಟ್ಟಿಯಾಗಿಯೇ ಹೇಳಿದ. ಕುದುರೆಗೆ ಹೇಳಿದನೋ, ತನಗೇ ಹೇಳಿಕೊಂಡನೋ, ಶಿವನೇ ಬಲ್ಲ. ಸಂತೆ ಮುಗಿದ ಮೇಲೆ ಆ ಮುಖವನ್ನು ಇನ್ನೊಮ್ಮೆ ನೋಡಲು ಅವನ ಕಾಲು ಬರಲಿಲ್ಲ. ಗುಡ್ಡವನ್ನು ಬಳಸಿಕೊಂಡು ಬೇರೆ ದಾರಿಯಲ್ಲಿ ಊರು ಸೇರಿದ. ಹೆಂಡತಿ ಕೇಳಿದ್ದಕ್ಕೆ, "ದಾರಿಯಲ್ಲಿ ಸತ್ತುಹೋಯಿತು" ಎಂದ. ಕೆಟ್ಟವನೇನಲ್ಲ ಅವನು. ಎಲ್ಲರ ಹಾಗೆ ಒಬ್ಬ ಮನುಷ್ಯ.

ಇಷ್ಟು ಹೇಳಿ ಗುರುಗಳು ಸುಲಿದ ಸಿಪ್ಪೆಯನ್ನು ಒಂದು ಕಡೆ ಸರಿಸಿದರು. ಚನ್ನಮಲ್ಲ ನೆಲ ನೋಡುತ್ತ ಕೂತಿದ್ದ. ಅವರು ಮುಂದುವರಿಸಿದರು.

ಮಾವಿನ ಹಣ್ಣಿನ ಕಾಲ ಬಂತು. ನೊಣದ ಕಾಲವೂ ಅದೇ. ಕಂದು ಕುದುರೆಯ ಕಣ್ಣಿಗೆ ನೊಣ ಕೂರತೊಡಗಿದವು. ಅದು ತಲೆ ಕೊಡವಿದರೆ ಎದ್ದು, ಅಲ್ಲಿಯೇ ಮತ್ತೆ ಕೂರುತ್ತಿದ್ದವು. ಕಣ್ಣು ಊದಿತು. ನೀರು ಸುರಿಯಿತು. ಆಮೇಲೆ ರೆಪ್ಪೆ ಅಂಟಿಕೊಳ್ಳತೊಡಗಿತು. ವ್ಯಾಪಾರಿಗೆ ದಿಗಿಲಾಯಿತು. ಉಳಿದಿದ್ದುದು ಅದೊಂದೇ ಕುದುರೆ. ಕಣ್ಣು ಹೋದ ಕುದುರೆ ಗುಡ್ಡದ ದಾರಿ ಹತ್ತುವುದಿಲ್ಲ. ಕುದುರೆ ಗುಡ್ಡ ಹತ್ತದಿದ್ದರೆ ಮನೆಯ ಒಲೆ ಉರಿಯುವುದಿಲ್ಲ.

ಅವನು ಮಾಡದ ಮದ್ದಿಲ್ಲ. ಎಣ್ಣೆ ಬದಲಾಯಿಸಿದ. ಹೊಗೆ ಹೆಚ್ಚಿಸಿದ. ಹುರುಳಿಯ ಜೊತೆ ಬೆಳ್ಳುಳ್ಳಿ ಅರೆದು ತಿನ್ನಿಸಿದ. ಹಣೆಗೆ ನಾರಿನ ಎಳೆಗಳನ್ನು ಇಳಿಬಿಟ್ಟು ಕಟ್ಟಿದ. ನೊಣ ಆ ಎಳೆಗಳ ಸಂದಿಯಲ್ಲೇ ನುಸುಳಿ ಬಂದವು. ಕಡೆಗೆ, ವಾಸನೆಗೆ ನೊಣ ಬಾರದಿರಲೆಂದು, ಕಾಮಕಸ್ತೂರಿಯನ್ನೂ ಮಜ್ಜಿಗೆ ಹುಲ್ಲನ್ನೂ ಕಂತೆ ಕಟ್ಟಿ ಕುದುರೆಯ ಮುಖದ ಎರಡೂ ಕಡೆ ತೂಗುಹಾಕಿದ.

ಮಾರನೆಯ ಬೆಳಗ್ಗೆ ನೋಡುತ್ತಾನೆ, ಕುದುರೆಯ ಕಣ್ಣಿನಲ್ಲಿ ಒಂದು ನೊಣವೂ ಇಲ್ಲ. ಆ ವಾರ ಕಳೆಯುವುದರೊಳಗೆ ಊತ ಇಳಿಯಿತು. ಕಣ್ಣು ತಿಳಿಯಾಯಿತು.

ವ್ಯಾಪಾರಿಯ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಸಂತೆಗೆ ಹೋಗಿ ಮದ್ದು ಸಿಕ್ಕಿತು ಎಂದು ಸಾರಿದ. ಎಲ್ಲರೂ ಕಾಮಕಸ್ತೂರಿ ಕಟ್ಟಿದರು. ಮುಂದಿನ ಸಂತೆಗೆ ಬಂದು ಅವನನ್ನು ಹಿಗ್ಗಾಮುಗ್ಗಾ ಬೈದರು. ಅವರ ಕುದುರೆಗಳಿಗೆ ಕೂತ ನೊಣ ಕೂತ ಹಾಗೆಯೇ ಇದ್ದವು.

ಅವನಿಗೆ ತಲೆಬುಡ ತಿಳಿಯಲಿಲ್ಲ. ಮನೆಗೆ ಬಂದು ನೋಡಿದರೆ ತಾನು ಕಟ್ಟಿದ ಕಂತೆ ಎಂದೋ ಒಣಗಿ ಉದುರಿಹೋಗಿದೆ. ಕುದುರೆಯ ಕಣ್ಣು ಮಾತ್ರ ಶುಭ್ರ. ಅಷ್ಟರಲ್ಲಿ ಲಾಯ ಗುಡಿಸಿ ಬಂದ ಹೆಂಡತಿ ಕೇಳಿದಳು, "ಏನ್ರೀ, ಇರುವುದು ಒಂದು ಕುದುರೆ. ಹುಲ್ಲು ಎರಡು ಕಡೆ ತುಳಿದಿರುತ್ತಲ್ಲ?"

ಅವನು ಮಾರನೆಯ ದಿನ ನಡುಮಧ್ಯಾಹ್ನ ಲಾಯಕ್ಕೆ ಹೋಗಿ ಹುಲ್ಲಿನ ಹೊರೆಯ ಮರೆಯಲ್ಲಿ ಕೂತ.

ಗಾಳಿ ಇರಲಿಲ್ಲ. ಹೊರಗೆ ಬಿಸಿಲು ಸುಡುತ್ತಿತ್ತು. ಕಂದು ಕುದುರೆ ಲಾಯದ ಒಂದು ಮಗ್ಗುಲಿಗೆ ಒತ್ತಿಕೊಂಡು, ಗೋಡೆಗೆ ಮುಖ ಮಾಡಿ ನಿಂತಿತ್ತು. ಇನ್ನೊಂದು ಮಗ್ಗುಲು ಖಾಲಿ. ಕೋಳಿಗಳು ಆ ಖಾಲಿ ಜಾಗಕ್ಕೆ ಕಾಲಿಡದೆ ಸುತ್ತಿಕೊಂಡು ಹೋಗುತ್ತಿದ್ದವು.

ನೊಣಗಳು ಬಂದವು. ಕುದುರೆಯ ಕಣ್ಣಿನ ಹತ್ತಿರ ಹೋದವು. ಸುಂಯ್ ಎಂದು ಒಂದು ಸದ್ದು. ಯಾರೋ ಹೊಡೆದ ಹಾಗೆ ಅಷ್ಟೂ ನೊಣ ಚೆದುರಿದವು. ಕುದುರೆಯ ಹಣೆಯ ಕೂದಲು ಅಲುಗಿತು. ಮತ್ತೆ ಬಂದವು. ಮತ್ತೆ ಅದೇ ಸದ್ದು. ಕುದುರೆ ಅರೆಗಣ್ಣು ಮುಚ್ಚಿ ಸುಖವಾಗಿ ನಿಂತಿತ್ತು.

ವ್ಯಾಪಾರಿಯ ಕಣ್ಣು ಖಾಲಿ ಮಗ್ಗುಲಿನ ಕಡೆ ಹೊರಳಿತು. ಕಂದು ಕುದುರೆಯೂ ಬಾಲ ಬೀಸುತ್ತಿತ್ತು, ಖಾಲಿ ಜಾಗಕ್ಕೆ. ಅಲ್ಲಿ, ಕುದುರೆಯ ತಲೆಯಷ್ಟು ಎತ್ತರದಲ್ಲಿ, ಬರೀ ಗಾಳಿಯಲ್ಲಿ ನೊಣ ಕೂತಿದ್ದವು. ಹಾರುತ್ತಿರಲಿಲ್ಲ. ಕೂತಿದ್ದವು. ಇಲ್ಲೊಂದು ಗುಂಪು, ಅಲ್ಲೊಂದು ಗುಂಪು. ನಡುವೆ ಒಂದು ಕುದುರೆಯ ಹಣೆಯಷ್ಟು ಅಂತರ. ಬಾಲ ಬೀಸಿದಾಗ ಎದ್ದವು. ಬಾಲ ಇಳಿದಾಗ ಬಂದು ಆ ಎರಡೇ ಕಡೆ ಮತ್ತೆ ಕೂತವು. ಅವು ಕೂತ ಕಡೆಯಿಂದ ಯಾರೋ ತನ್ನನ್ನೇ ನೋಡುತ್ತಿದ್ದಾರೆ ಎಂದು ಅವನಿಗೆ ಅನ್ನಿಸಿತು.

ಅವನು ಅಂಬೆಗಾಲಿಟ್ಟುಕೊಂಡು ಹೊರಗೆ ಬಂದ. ಎದ್ದು ಬಿದ್ದು ಮಂತ್ರವಾದಿಯ ಮನೆಗೆ ಓಡಿದ.

ಮಂತ್ರವಾದಿ ತಿಳಿದವನು. ಎಲ್ಲವನ್ನೂ ಸಮಾಧಾನದಿಂದ ಕೇಳಿದ. ಆಮೇಲೆ, "ಅದು ನಿಮಗೇನಾದರೂ ತೊಂದರೆ ಕೊಟ್ಟಿತೇ? ಒದೆಯಿತೇ? ಕಚ್ಚಿತೇ?" ಎಂದ.

"ಇಲ್ಲ, ಸ್ವಾಮಿ. ಸುಮ್ಮನೆ ನಿಂತಿದೆ."

"ಮತ್ತೆ ಯಾಕೆ ಓಡಿಸಬೇಕು?"

"ನಾನು ಅದನ್ನು ಜೀವಂತ ಬಿಟ್ಟು ಬಂದೆ," ಎಂದು ವ್ಯಾಪಾರಿ ಅತ್ತುಬಿಟ್ಟ. "ಸಂಜೆ ಬರುತ್ತೇನೆ ಎಂದಿದ್ದೆ. ಬೇರೆ ದಾರಿ ಹಿಡಿದೆ. ಈಗ ಅದು ನನ್ನ ಮನೆಯಲ್ಲಿ ನಿಂತಿದ್ದರೆ ನನಗೆ ಅನ್ನ ಇಳಿಯುವುದಿಲ್ಲ. ದಮ್ಮಯ್ಯ, ಕಳಿಸಿಬಿಡಿ."

ಮಂತ್ರವಾದಿ ಮತ್ತೆ ಕೇಳಲಿಲ್ಲ. ಲಾಯದ ಸುತ್ತ ಬೂದಿಯ ಗೆರೆ ಎಳೆದ. ಹೊಸ್ತಿಲಿಗೆ ಕಬ್ಬಿಣದ ಮೊಳೆ ಬಡಿದ. ನಿಂಬೆಹಣ್ಣು ಕೊಯ್ದು ಎರಡು ಕಡೆ ಎಸೆದ. ಮಂತ್ರದ ಕಡೆಯ ಮಾತು ಅವನ ಬಾಯಿಂದ ಬಿದ್ದಾಗ ಕಂದು ಕುದುರೆ ಹಗ್ಗ ಕಿತ್ತುಕೊಂಡು ಬಾಗಿಲಿಗೆ ಬಂತು. ದಾರಿಯ ಕಡೆ ನೋಡಿ ಕೆನೆಯಿತು. ಯಾರನ್ನೋ ಕರೆಯುವ ಹಾಗೆ ಬಹಳ ಹೊತ್ತು ಕೆನೆಯಿತು. ಕೋಳಿಗಳು ಖಾಲಿ ಜಾಗಕ್ಕೆ ಹೋಗಿ ಕೆದಕತೊಡಗಿದವು.

ವ್ಯಾಪಾರಿಗೆ ಆ ದಿನ ಊಟ ಸೇರಿತು. ನಿದ್ದೆಯೂ ಬಂತು. ಬೆಳಗ್ಗೆ ಎದ್ದು ಲಾಯಕ್ಕೆ ಹೋದ. ಕಂದು ಕುದುರೆಯ ಎರಡು ಕಣ್ಣೂ ಕಾಣಿಸದ ಹಾಗೆ ನೊಣ ಮುತ್ತಿದ್ದವು.

ಆಗ ಅವನಿಗೆ ತಿಳಿಯಿತು. ಇಷ್ಟು ವರ್ಷ ಆ ಕಣ್ಣುಗಳನ್ನು ಕಾದದ್ದು ತನ್ನ ಎಣ್ಣೆಯಲ್ಲ, ಹೊಗೆಯಲ್ಲ. ತಾನು ಬೈದು ಬೈದು ನೆಟ್ಟಗೆ ನಿಲ್ಲಿಸುತ್ತಿದ್ದ ಕುದುರೆ. ಗುಡ್ಡದ ಮೇಲೆ ಬಿಟ್ಟು ಬಂದ ಮೇಲೂ ಅದು ಬಂದದ್ದು ತನ್ನ ಮೇಲೆ ಸೇಡು ತೀರಿಸಿಕೊಳ್ಳಲಿಕ್ಕಲ್ಲ. ತನ್ನ ಕಡೆ ಅದಕ್ಕೆ ಲಕ್ಷ್ಯವೇ ಇರಲಿಲ್ಲ. ಜೊತೆಗಾತಿಯ ಕಣ್ಣಿಗೆ ನೊಣ ಕೂತಿದ್ದವು, ಅದಕ್ಕೇ ಬಂದಿತ್ತು.

ಅವನು ಮಂತ್ರವಾದಿಯ ಕಾಲಿಗೆ ಬಿದ್ದ. ಮತ್ತೆ ಕರೆಸಿಕೊಡಿ ಎಂದು ಗೋಗರೆದ. ಮಂತ್ರವಾದಿ ತಲೆಯಾಡಿಸಿದ. ಕಳಿಸುವುದು ಅವನಿಗೆ ಗೊತ್ತಿತ್ತು. ಕರೆಯುವುದು ಗೊತ್ತಿರಲಿಲ್ಲ. ವ್ಯಾಪಾರಿ ಬೂದಿಯ ಗೆರೆ ಅಳಿಸಿದ. ಮೊಳೆ ಕಿತ್ತ. ಬೂದು ಕುದುರೆ ಬಿದ್ದ ಕಡೆಗೆ ಹೋಗಿ ಅದನ್ನು ಹೆಸರು ಹಿಡಿದು ಕೂಗಿದ. ಏನೂ ಬರಲಿಲ್ಲ. ತಾನೇ ಬೇವಿನ ಕೊಂಬೆ ಹಿಡಿದು ಕಂದು ಕುದುರೆಯ ಮುಂದೆ ನಿಂತ. ಮನುಷ್ಯ ಎಷ್ಟು ಹೊತ್ತು ನಿಂತಾನು? ಉಣ್ಣಬೇಕು, ದುಡಿಯಬೇಕು, ಕೈ ಸೋಲುತ್ತದೆ. ಮಳೆ ಹಿಡಿಯುವಷ್ಟರಲ್ಲಿ ಕುದುರೆಯ ಎರಡು ಕಣ್ಣಿಗೂ ಬಿಳಿ ಪೊರೆ ಬಂತು.

ಕಣ್ಣು ಹೋದ ಮೇಲೂ ಅದು ಲಾಯದ ಒಂದು ಮಗ್ಗುಲಿಗೆ ಒತ್ತಿಕೊಂಡೇ ನಿಲ್ಲುತ್ತಿತ್ತು. ಬಾಲ ಬೀಸುವುದನ್ನು ಬಿಡಲಿಲ್ಲ. ಆ ಖಾಲಿ ಜಾಗದಲ್ಲಿ ಒಂದು ನೊಣವೂ ಇರಲಿಲ್ಲ. ಅದು ಕುದುರೆಗೆ ಕಾಣಬೇಕಲ್ಲ.

ಗುರುಗಳು ಕತೆ ನಿಲ್ಲಿಸಿದರು. ಅವರೆಕಾಯಿ ಮುಗಿದಿತ್ತು. ಚನ್ನಮಲ್ಲ ಕೇಳಿದ.

"ಹಾಗಾದರೆ ನನಗೆ ಮಂತ್ರ ಕೊಡುವುದಿಲ್ಲವೇ, ಬುದ್ಧಿ?"

"ಕೊಡುತ್ತೇನೆ," ಎಂದರು ಗುರುಗಳು, "ನಿನ್ನ ಅಣ್ಣ ಪಕ್ಕದಲ್ಲಿ ಕೂತು ಏನು ಮಾಡುತ್ತಿದ್ದಾನೆ ಎಂದು ಒಮ್ಮೆ ತಿರುಗಿ ನೋಡಿಕೊಂಡು ಬಾ."