ಹೊಳೆಯಾಚೆಯ ತೂಬು

"ಬುದ್ಧಿ, ಅಮೆರಿಕದವರು ತಮ್ಮನ್ನು ಆಳುತ್ತಿದ್ದ ದೊರೆಯನ್ನು ಓಡಿಸಿ ಸ್ವತಂತ್ರರಾದವರು. ಆಮೇಲೆ ತಾವೇ ಸಮುದ್ರ ದಾಟಿ ಬೇರೆಯವರ ದ್ವೀಪಗಳನ್ನು ಹಿಡಿದರು. ಅದು ಸರಿ ಎಂದು ಅವರಲ್ಲೇ ಕೆಲವರು ವಾದಿಸಿದರು, ತಪ್ಪು ಎಂದು ಕೆಲವರು. ಯಾರದು ಸರಿ?"

ಮರುಳಯ್ಯ ಬೆಳಿಗ್ಗೆಯಿಂದ ಮಠದ ಜಗಲಿಯಲ್ಲಿ ಗೆಳೆಯರೊಡನೆ ಇದೇ ವಾದ ನಡೆಸಿ ಗಂಟಲು ಕಟ್ಟಿಸಿಕೊಂಡಿದ್ದ. ಗುರುಗಳಿಗೆ ಕೇಳಿ ಕೇಳಿ ಸಾಕಾಗಿತ್ತು. ಆದರೂ ಕೂರೆಂದು ಸನ್ನೆ ಮಾಡಿ ಕತೆ ಹೇಳಿದರು.

ಹೊಳೆಯ ಆಚೆಗೊಂದು ಊರು, ಈಚೆಗೊಂದು ಊರು. ಈಚೆ ಊರಿನ ಕೆರೆಯ ತೂಬಿಗೆ ಒಬ್ಬ ಜಹಗೀರುದಾರ ನೀರು ಬಿಡುವ ನೀರುಗಂಟಿಯಾಗಿ ತನ್ನ ಆಳನ್ನು ಕೂರಿಸಿದ್ದ. ಊರವರು ಆ ಜಹಗೀರುದಾರನನ್ನೇ ಓಡಿಸಿದರು. 'ಯಾರ ಗದ್ದೆಗೆ ನೀರೋ ಅವರೇ ನೀರುಗಂಟಿಯನ್ನು ನೇಮಿಸಬೇಕು' ಎಂದು ಕಲ್ಲಿನಲ್ಲಿ ಕೊರೆಸಿ ನೆಟ್ಟರು. ಮುಂದೆ ಆಚೆ ಊರಿನವರೂ ತಮ್ಮ ಜಹಗೀರುದಾರನ ಮೇಲೆ ತಿರುಗಿಬಿದ್ದಾಗ, ಈಚೆಯವರು ದೊಣ್ಣೆ ಹಿಡಿದು ಹೊಳೆ ದಾಟಿ ನೆರವಾದರು. ಜಹಗೀರುದಾರ ಹೋದ. ನೆರವಿಗೆ ಬಂದವರು ಹೋಗಲಿಲ್ಲ. ಆಚೆ ಊರಿನ ಕೆರೆಯ ತೂಬಿಗೆ ತಮ್ಮ ನೀರುಗಂಟಿಯನ್ನು ಕೂರಿಸಿದರು. ತನ್ನ ಊರಿನ ಅಪ್ಪಣೆಯಿಲ್ಲದೆ ತೂಬು ಎತ್ತುವುದಿಲ್ಲ ಎಂದ ಅವನು.

ಆಚೆ ಊರಿನ ಒಬ್ಬ ರೈತನ ಸಸಿಮಡಿ ಒಣಗುತ್ತಿತ್ತು. ಅವನು ಈಚೆ ಊರಿನ ಪಂಚಾಯಿತಿ ಕಟ್ಟೆಗೆ ಬಂದು ಕೈಮುಗಿದ.

"ನಮ್ ತೂಬು ನಮಗ್ ಬಿಟ್ಕೊಡಿ ಸ್ವಾಮಿ. ಪೈರು ಸಾಯ್ತಾ ಐತೆ."

"ತಡಿಯಪ್ಪ, ನಿನ್ ವಿಚಾರಾನೇ ಮಾತಾಡ್ತಾ ಇದೀವಿ."

ಮಾತಾಡಿದರು. ಆಚೆಯವರಿಗೆ ತಿಳಿವಳಿಕೆ ಸಾಲದು, ಬರುವತನಕ ನಾವೇ ನೋಡಿಕೊಳ್ಳೋಣ ಎಂದ ಒಬ್ಬ ಯಜಮಾನ. ಒಬ್ಬ ವ್ಯಾಪಾರಿಗೆ ಆಚೆ ದಡದ ಸಂತೆಯ ಮೇಲೆ ಕಣ್ಣು. ಅವನು ಹೌದೆಂದು ಜೋರಾಗಿ ತಲೆಯಾಡಿಸಿದ. ಅವರನ್ನು ಹತ್ತಿರ ಬಿಟ್ಟುಕೊಂಡರೆ ನಾಳೆ ನಮ್ಮ ಪಂಕ್ತಿಯಲ್ಲೇ ಎಲೆ ಹಾಕಿಕೊಂಡು ಕೂರುತ್ತಾರೆ, ಅವರ ಸಹವಾಸವೇ ಬೇಡ, ತೂಬು ಬಿಟ್ಟು ಬಂದುಬಿಡೋಣ ಎಂದ ಇನ್ನೊಬ್ಬ. ಒಬ್ಬ ಮುದುಕ ಮಾತ್ರ ನೆಟ್ಟ ಕಲ್ಲನ್ನು ತೋರಿಸಿ, ಇದರ ಮಾನ ಹೋಯಿತಲ್ಲ ಎಂದು ಕಣ್ಣೀರಿಟ್ಟ. ಅವನ ಚಿಂತೆಯೂ ಕಲ್ಲಿನದೇ. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ. ಬಿಸಿಲು ಇಳಿದರೂ ರೈತ ನಿಂತೇ ಇದ್ದ.

ಗುರುಗಳು ಅಲ್ಲಿಗೆ ನಿಲ್ಲಿಸಿದರು. ಮರುಳಯ್ಯ ಮುಂದಕ್ಕೆ ಸರಿದು ಕುಳಿತ.

"ಕೊನೆಗೆ ಯಾರ ವಾದ ಗೆದ್ದಿತು, ಬುದ್ಧಿ?"

ಗುರುಗಳು ಹಣೆ ಚಚ್ಚಿಕೊಂಡರು.

"ಆ ರೈತನ ಸಸಿಗೆ ನೀರು ಸಿಕ್ಕಿತೇ ಎಂದು ನೀನೂ ಕೇಳಲಿಲ್ಲವಲ್ಲೋ!"