ಹಾಳುಹಟ್ಟಿಯಲ್ಲಿ ಅಮ್ಮನ ಸಾಮಾನು

ಹೂಂ, ಹೊದ್ಕೊಂಡು ಮಲಕ್ಕೋ, ಹೇಳ್ತೀನಿ. ಬಲು ಹಿಂದೆ, ನಮ್ಮಜ್ಜಿಯ ಅಜ್ಜಿ ಇನ್ನೂ ಹುಡುಗಿಯಾಗಿದ್ದ ಕಾಲಕ್ಕೆ, ಬಯಲುಸೀಮೆ ಹೊಲಗಳ ನಡುವೆ ಮೂರೇ ಮನೆಯ ಒಂದು ಹಟ್ಟಿ ಇತ್ತಂತೆ. ಅಲ್ಲಿಗೆ ಪಿಳೇಗು ಬಂತಂತೆ. ಕಂಕುಳಲ್ಲಿ ಗಡ್ಡೆ ಎದ್ದು ಜನ ಸಾಯೋಕೆ ಶುರುವಾದಾಗ ಉಳಿದೋರು ಹಟ್ಟಿ ಬಿಟ್ಟು ಹೋದ್ರಂತೆ. ಒಬ್ಬ ತಾಯಿ ಮಾತ್ರ ತನ್ನ ಮೂರು ಹೆಣ್ಣುಮಕ್ಕಳನ್ನ ಅಣ್ಣನ ಗಾಡಿಗೆ ಹತ್ತಿಸಿ, ಕಾಯಿಲೆ ಬಿದ್ದ ಗಂಡನ ಹತ್ರ ತಾನು ಉಳಕೊಂಡ್ಲಂತೆ. ಆಮೇಲೆ ಇಬ್ಬರೂ ಬರಲೇ ಇಲ್ಲ.

ಮಕ್ಕಳು ಸೋದರಮಾವನ ಮನೇಲಿ ಬೆಳೆದ್ವು. ದೊಡ್ಡೋಳು ಈರಕ್ಕ, ನಡುವಿನೋಳು ದ್ಯಾವಕ್ಕ, ಕೊನೆಯೋಳು ಕೆಂಚಿ. ಗಾಡಿ ಹತ್ತಿದಾಗ ಕೆಂಚಿ ಇನ್ನೂ ಮೊಲೆ ಕುಡಿಯೋ ಕೂಸು. ಆಮೇಲೆ ಅಕ್ಕಂದಿರ ಮದುವೆ ಆಯ್ತು, ಕೆಂಚಿಗೂ ಗಂಡು ಗೊತ್ತಾಯ್ತು. ಅವಳು ಅಂದ್ಲಂತೆ, ಅಕ್ಕಾ, ನನ್ನ ಮಡಿಲು ತುಂಬೋವಾಗ ಅಮ್ಮ ಮುಟ್ಟಿದ್ದು ಒಂದಾದ್ರೂ ಅದರಲ್ಲಿ ಇರಬೇಕು, ಒಂದು ಎಣ್ಣೆ ಸೀಸೆ ಆದ್ರೂ ಸಾಕು, ನಿಮಗೆ ಅವಳ ಮುಖ ಒಂಚೂರು ನೆನಪೈತೆ, ನನಗೆ ಅದೂ ಇಲ್ವಲ್ಲ, ಅಂತ.

ಸರಿ, ಮೂವರೂ ಗುದ್ದಲಿ ಹಿಡಕೊಂಡು ಹಟ್ಟಿಗೆ ಹೋದ್ರಂತೆ. ದಾರಿ ಪೂರಾ ಪಾಪಾಸುಕಳ್ಳಿ. ತಮ್ಮ ಮನೆ ಯಾವುದು ಅಂತ ಈರಕ್ಕನಿಗೂ ಗುರುತು ಹತ್ತಲಿಲ್ಲ. ಮೊದಲನೇ ಮನೆ ಹಿಂದಿನ ತಿಪ್ಪೆ ಅಗೆದ್ರು, ಒಂದು ಹಸಿರು ಸೀಸೆ ಸಿಕ್ತು. ಕೆಂಚಿ ಅದನ್ನ ಸೆರಗಲ್ಲಿ ಒರೆಸಿ ಎದೆಗೆ ಒತ್ತಿಕೊಂಡ್ಲು. ಇನ್ನೂ ಅಗೆದ್ರೆ ಅಂಥವೇ ಸಾರಾಯಿ ಸೀಸೆಗಳು, ಬುಟ್ಟಿಗಟ್ಟಲೆ. ನಮ್ಮಪ್ಪ ಕುಡೀತಿರಲಿಲ್ಲ ಕಣೆ, ಇದು ನಮ್ಮದಲ್ಲ, ಅಂದ್ಲು ಈರಕ್ಕ. ಕೆಂಚಿ ಸೀಸೆ ಕೆಳಗಿಟ್ಲು.

ಆಮೇಲೆ ಎರಡನೇ ಮನೆ. ಅಲ್ಲಿ ಗೋಡೆ ಗೂಡಲ್ಲಿ ಮಣ್ಣು ಮೆತ್ತಿದ ಪುಟ್ಟ ಎಣ್ಣೆ ಸೀಸೆ ಇತ್ತಂತೆ. ಇದೇ ಇದೇ, ಅಂತ ದ್ಯಾವಕ್ಕ ಕುಣಿದೇಬಿಟ್ಲು. ಅದರ ಹಿಂದೇನೇ ಗಂಡುಮಗುವಿನ ಬೆಳ್ಳಿ ಉಡಿದಾರ ಸಿಕ್ತಂತೆ. ತಮ್ಮ ಮನೇಲಿ ಗಂಡುಮಗು ಎಲ್ಲಿತ್ತು? ಬಹಳ ಚಿಕ್ಕ ಉಡಿದಾರವಂತೆ ಕಂದಾ. ಎರಡನ್ನೂ ಅಲ್ಲೇ ಹೂತು ಬಂದ್ರಂತೆ.

ಮೂರನೇದರಲ್ಲಿ ಬಾಗಿಲಿಲ್ಲ, ತೊಲೆ ಇಲ್ಲ, ಗೋಡೆಯೆಲ್ಲ ಕರ್ರಗೆ. ಅಗೆದಷ್ಟೂ ಬೂದಿ. ಅದರೊಳಗೆ ಸೀಸೆಗಳೆಲ್ಲ ಬೆಂಕಿಗೆ ಕರಗಿ ಒಂದೇ ಮುದ್ದೆ ಆಗಿದ್ವಂತೆ. ಕೆಂಚಿ ಆ ಮುದ್ದೆ ಹಿಡಕೊಂಡು ಕುಸಿದು ಕೂತ್ಲು. ಇದೇ ನಮ್ಮ ಮನೆ ಅಲ್ವೇನಕ್ಕಾ, ಯಾವ ಪಾಪಿ ಬೆಂಕಿ ಇಟ್ಟನೋ, ಅಂತ ಗೋಳಾಡಿದ್ಲು. ಅಳು ಕೇಳಿ, ಅಲ್ಲೇ ಮೇಕೆ ಮೇಯಿಸ್ತಿದ್ದ ಮೂಡ್ಲಜ್ಜಿ ಅನ್ನೋ ಪಕ್ಕದ ಹಟ್ಟಿ ಮುದುಕಿ ಬಂದ್ಲು. ಯಾರ ಮಕ್ಕಳು ಅಂತ ಕೇಳಿ ತಿಳಕೊಂಡು, ಅವಳೂ ಬೂದಿ ಮೇಲೇ ಕೂತ್ಲಂತೆ.

ಯಾವ ಪಾಪಿನೂ ಅಲ್ಲ ಕಣ್ರವ್ವ, ಬೆಂಕಿ ಇಟ್ಟೋಳು ನಿಮ್ಮವ್ವನೇ, ಅಂದ್ಲಂತೆ. ನಾನು ದಿನಾ ಬೇಲಿ ಹತ್ರ ಗಂಜಿ ಇಟ್ಟು ಹೋಗ್ತಿದ್ದೆ. ನಿಮ್ಮಪ್ಪ ಹೋದ ಮೇಲೆ ಅವಳಿಗೂ ಗಡ್ಡೆ ಎದ್ದಿತ್ತು. ಸೀರೆ, ಚಾಪೆ, ಸೀಸೆ, ತೊಟ್ಟಿಲು, ಎಲ್ಲ ಒಳಗೆ ರಾಶಿ ಹಾಕ್ತಿದ್ಲು. ಏನವ್ವಾ ಮಾಡ್ತಿದ್ದೀಯ ಅಂತ ಕೂಗಿದೆ. ನನ್ನ ಮಕ್ಕಳು ಒಂದಿನ ಹುಡುಕ್ಕೊಂಡು ಬಂದೇ ಬರ್ತವೆ ಮೂಡ್ಲಕ್ಕ, ನಂದು ಅಂತ ಏನನ್ನೂ ಅವು ಮುಟ್ಟಬಾರದು, ಅಂದ್ಲು. ಬೆಂಕಿ ಇಟ್ಟ ಮೇಲೆ, ಅಗೋ, ಆ ಬೇವಿನ ಬುಡಕ್ಕೆ ಬಂದು ಮಲಗಿದೋಳು ಏಳಲಿಲ್ಲ.

ಈರಕ್ಕ ಬಾಯಿಗೆ ಸೆರಗು ತುರುಕಿಕೊಂಡ್ಲು. ಕೆಂಚಿ ಬಹಳ ಹೊತ್ತು ಕೈಲಿದ್ದ ಮುದ್ದೆ ನೋಡ್ತಾ ಇದ್ಲು. ಆಮೇಲೆ ಅದನ್ನ ಬೂದಿಯೊಳಗೇ ಇಟ್ಟು ಮಣ್ಣು ಮುಚ್ಚಿದ್ಲಂತೆ. ಅಮ್ಮ ಹೇಳಿದ ಮಾತು ಅಂತ ಅವಳ ಕಿವಿಗೆ ಬಿದ್ದಿದ್ದು ಅದೊಂದೇ, ಹೆಂಗೆ ಮೀರ್ತಾಳೆ ಹೇಳು.

ಮದುವೆಗೆ ಮೂಡ್ಲಜ್ಜಿನೂ ಬಂದ್ಲು. ಮಡಿಲು ತುಂಬು ಅಂದ್ರೆ, ಗಂಡ ಇಲ್ದೋಳು ನಾನು, ಬೇಡವ್ವ, ಅಂತ ಹಿಂದಕ್ಕೆ ಸರಿದ್ಲು. ಕೆಂಚಿ ಅವಳ ಕೈ ಬಿಡಲಿಲ್ಲ. ನಮ್ಮವ್ವನಿಗೆ ಗಂಜಿ ಇಟ್ಟ ಕೈ ಇದು, ಇದೇ ಬೇಕು, ಅಂದ್ಲಂತೆ. ಅಜ್ಜಿ ಅವಳ ಮಡಿಲಿಗೆ ಅಕ್ಕಿ ಹಾಕಿದ್ಲು. ಆಮೇಲೆ ಕೆಂಚಿ ಅಜ್ಜಿನ ಗಂಡನ ಮನೆಗೇ ಕರಕೊಂಡು ಹೋದ್ಲು, ಮೇಕೆಗಳೂ ಹೋದ್ವು, ಮಕ್ಕಳೂ ಆದ್ವು. ಆದ್ರೂ ಬಾವೀಲಿ ನೀರು ಸೇದ್ತಾ ಸೇದ್ತಾ ಕೆಂಚಿ ಒಮ್ಮೊಮ್ಮೆ, ಅಮ್ಮನ ಮುಖ ಹೆಂಗಿತ್ತೋ ಅಂತ, ಹಂಗೇ ನಿಂತುಬಿಡ್ತಿದ್ಲಂತೆ. ಅಷ್ಟೇ ಕಂದಾ, ಕತೆ ಮುಗಿದುಹೋಯ್ತು. ಬಾ, ಇನ್ನೊಂಚೂರು ಹತ್ರ ಬಂದು ಮಲಕ್ಕೋ.